ವಾಟರ್ ಹ್ಯಾಮರ್ ಅರೆಸ್ಟರ್: ವಾಷಿಂಗ್ ಮಶೀನ್ ಲೈನ್‌ಗೆ ಸೈ, ಮೋಟರ್ ಸದ್ದಿಗೆ ದುಡ್ಡು ದಂಡ

ಮೊದಲೇ ಹೇಳಿಬಿಡುತ್ತೇನೆ. ವಾಷಿಂಗ್ ಮಶೀನ್ ನೀರು ತಗೊಳ್ಳೋದು ನಿಲ್ಲಿಸಿದ ಕ್ಷಣಕ್ಕೆ ಗೋಡೆಯೊಳಗಿಂದ "ಡಬ್" ಅಂತ ಸದ್ದು ಬರುತ್ತಿದ್ದು, ಮನೆಯಲ್ಲಿ ಪ್ರೆಶರ್ ಪಂಪ್ ಕೂಡ ಇದ್ದರೆ ಈ ಅರೆಸ್ಟರ್ ತಗೊಳ್ಳಿ. ನೀರು ತಟಕ್ಕನೆ ನಿಂತಾಗ ಪೈಪಿಗೆ ಬೀಳುವ ಪೆಟ್ಟಿಗೇ ವಾಟರ್ ಹ್ಯಾಮರ್ ಅನ್ನೋದು, ಆ ಪೆಟ್ಟನ್ನು ಹೀರಿಕೊಳ್ಳುವ ಸಣ್ಣ ಸಾಮಾನು ಈ ಅರೆಸ್ಟರ್. ಕೆಲಸ ಮಾಡುತ್ತದೆ. ಬೇರೆ ಯಾವ ಸದ್ದಿಗಾದರೂ ಇದನ್ನು ಕೊಳ್ಳೋಣ ಅಂತಿದ್ದರೆ ಸ್ವಲ್ಪ ತಡೆಯಿರಿ. ಆನ್‌ಲೈನ್‌ನಲ್ಲಿ ಮಾರುವವರು ಪೈಪ್ ಸದ್ದಿಗೆಲ್ಲ ಇದೊಂದೇ ಮದ್ದು ಅನ್ನೋ ಥರ ಬರೆದಿರುತ್ತಾರೆ. ಹಾಗೇನಿಲ್ಲ. ನಮ್ಮ ಮನೆಯಲ್ಲಿ ಮೂರು ಕಡೆ ಹೊಡೆದುಕೊಳ್ಳುತ್ತಿತ್ತು, ಇದು ಒಂದನ್ನು ನಿಲ್ಲಿಸಿತು. ಉಳಿದ ಎರಡಕ್ಕೆ ಬೇರೆ ಕೆಲಸ ಬೇಕಾಯಿತು, ಅದಕ್ಕೆ ಇದಕ್ಕಿಂತ ಕಡಿಮೆ ಖರ್ಚಾಯಿತು.

ಮನೆ ಬೆಂಗಳೂರಿನ ಮಾಮೂಲಿ ಮನೆ. ಕಾವೇರಿ ನೀರು ಸಂಪ್‌ಗೆ ಬೀಳುತ್ತದೆ, ಅಲ್ಲಿಂದ ಮೋಟರ್ ತಾರಸಿ ಮೇಲಿನ ಟ್ಯಾಂಕ್‌ಗೆ ಹತ್ತಿಸುತ್ತದೆ. ಕೆಳಗೆ ಬಾಡಿಗೆಯವರು, ಮೇಲೆ ನಾವು. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ ಅಂತ ಲೆಕ್ಕ. ನಮ್ಮ ಬಾತ್‌ರೂಮಿಗೂ ಟ್ಯಾಂಕ್‌ಗೂ ನಡುವೆ ಇರೋದೇ ಮೂರು ನಾಲ್ಕು ಮೀಟರ್. ಅಂದರೆ ಶವರ್ ಕೆಳಗೆ ನಿಂತರೆ ತಲೆ ನೆನೆಯೋಕೆ ಕಾಯಬೇಕು. ಹಾಗಾಗಿ ತಾರಸಿ ಮೇಲೆ ಪ್ರೆಶರ್ ಪಂಪ್ ಹಾಕಿಸಿದ್ದೇವೆ. 20 ಪಿಎಸ್‌ಐಗೆ (ಇದೂ ಒತ್ತಡದ ಅಳತೆಯೇ) ಆನ್, 40ಕ್ಕೆ, ಅಂದರೆ ಎರಡೂವರೆ ಬಾರ್‌ಗಿಂತ ಸ್ವಲ್ಪ ಮೇಲೆ, ಆಫ್. ಶವರ್ ಜೋರಾಯಿತು, ಜೊತೆಗೆ ಸದ್ದೂ ಬಂತು.

ಕೆಳಗಿನ ಮನೆಯವರು ಒಂದು ಭಾನುವಾರ ಮೆಟ್ಟಿಲ ಹತ್ತಿರ ಸಿಕ್ಕಿ "ಏನ್ರೀ, ಬೆಳಗಾಗೋದರೊಳಗೆ ಮೇಲೆ ಏನೋ ಕುಟ್ತಾ ಇರ್ತೀರಲ್ಲ" ಅಂದರು. ಕುಟ್ಟುತ್ತಿದ್ದದ್ದು ಪೈಪ್.

ಇದು ಯಾಕಾಗುತ್ತದೆ ಅಂತ ಎರಡು ಮಾತು. ಪೈಪಲ್ಲಿ ನೀರು ಓಡುತ್ತಿರುತ್ತದೆ, ನೀವು ನಲ್ಲಿ ಮುಚ್ಚಿಬಿಡುತ್ತೀರಿ. ಬಿಎಂಟಿಸಿ ಬಸ್ ಗಕ್ಕನೆ ಬ್ರೇಕ್ ಹಾಕಿದಾಗ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬೀಳ್ತಾರಲ್ಲ, ಹಾಗೆ ಹಿಂದಿನ ನೀರು ಮುಂದಿನದರ ಮೇಲೆ ಬಂದು ಒತ್ತುತ್ತದೆ. ಆ ಒತ್ತಡ ಅಲೆಯಾಗಿ ಪೈಪಿನ ಉದ್ದಕ್ಕೂ ಹಿಂದಕ್ಕೆ ಹೋಗಿ, ತಿರುಗಿ ಬಂದು, ಮತ್ತೆ ಹೋಗುತ್ತದೆ. ಪೈಪ್ ಗೋಡೆಯೊಳಗೆ ಸಡಿಲವಾಗಿದ್ದರೆ ಆ ಪೆಟ್ಟಿಗೆ ಹಾರಿ ಇಟ್ಟಿಗೆಗೆ ಬಡಿಯುತ್ತದೆ. ರಷ್ಯಾದ ನಿಕೊಲಾಯ್ ಝುಕೋವ್ಸ್ಕಿ ಮಾಸ್ಕೋದ ನೀರಿನ ಪೈಪ್‌ಗಳ ಮೇಲೆ ಪ್ರಯೋಗ ಮಾಡಿ 1898ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದಾರೆ. ನೀರು ಎಷ್ಟು ವೇಗದಲ್ಲಿ ಓಡುತ್ತಿತ್ತೋ ಪೆಟ್ಟು ಅಷ್ಟು ಜೋರು. ಸೆಕೆಂಡಿಗೆ ಒಂದು ಮೀಟರ್ ಓಡುವ ನೀರನ್ನು ತಟಕ್ಕನೆ ನಿಲ್ಲಿಸಿದರೆ ಹಳೇ ಜಿಐ (ಕಬ್ಬಿಣದ) ಪೈಪಲ್ಲಿ ಸುಮಾರು 13-14 ಬಾರ್ ಹೆಚ್ಚುವರಿ ಒತ್ತಡ ಏಳುತ್ತದೆ. ಈಗಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಸ್ವಲ್ಪ ಹಿಗ್ಗುವುದರಿಂದ ಅದರಲ್ಲಿ ಸುಮಾರು 5 ಬಾರ್. ಮಲೆನಾಡಿನ ತೋಟದ ಕಡೆಯವರಿಗೆ ಹೈಡ್ರಾಲಿಕ್ ರಾಮ್ ಗೊತ್ತಿರಬಹುದು, ಕರೆಂಟೇ ಇಲ್ಲದೆ ಹಳ್ಳದ ನೀರನ್ನು ಗುಡ್ಡಕ್ಕೆ ಹತ್ತಿಸುತ್ತದಲ್ಲ, ಅದು ನಡೆಯೋದೂ ಇದೇ ಪೆಟ್ಟಿನಿಂದಲೇ. ತೋಟದಲ್ಲಿ ದುಡಿಯುವ ಪೆಟ್ಟು ಬಚ್ಚಲುಮನೆಯಲ್ಲಿ ಕಾಟ ಕೊಡುತ್ತದೆ ಅಷ್ಟೇ.

ಈಗ ಯಾವ ಸದ್ದು ಎಲ್ಲಿಂದ ಅನ್ನೋದು. ಇದನ್ನು ಪತ್ತೆ ಮಾಡದೆ ಏನನ್ನೂ ಕೊಳ್ಳಬೇಡಿ.

ಆ್ಯಪಲ್ಲಿ ಬುಕ್ ಮಾಡಿದ ಸರ್ವಿಸ್‌ನಿಂದ ಒಬ್ಬ ಹುಡುಗ ಬಂದ. ಎರಡು ನಲ್ಲಿ ತಿರುಗಿಸಿ ನೋಡಿದ. "ಸರ್, ಏರ್ ಹಿಡ್ಕೊಂಡಿದೆ ಸರ್, ಪಂಪ್ ಹಳೇದು, ಚೇಂಜ್ ಮಾಡ್ಬೇಕು" ಅಂದ. ವಾಷಿಂಗ್ ಮಶೀನ್ ಆನ್ ಮಾಡಿ ತೋರಿಸ್ತೀನಿ ಅಂದರೆ ಟೈಮ್ ಇಲ್ಲ ಅಂದ. ವಿಸಿಟಿಂಗ್ ಚಾರ್ಜ್ ಮಾತ್ರ ಬಿಡಲಿಲ್ಲ. ಪೈಪಲ್ಲಿ ಗಾಳಿ ಇದ್ದರೆ ನಲ್ಲಿ ಬಿಟ್ಟಾಗ ಪುಸ್ ಪುಸ್ ಅಂತ ಉಗುಳಿ ಉಗುಳಿ ನೀರು ಬರುತ್ತದೆ. ನಮ್ಮಲ್ಲಿ ನೀರು ನೆಟ್ಟಗೆ ಬರುತ್ತಿತ್ತು, ಸದ್ದು ಬರುತ್ತಿದ್ದದ್ದು ನಿಲ್ಲಿಸಿದಾಗ. ಎರಡಕ್ಕೂ ಸಂಬಂಧವೇ ಇಲ್ಲ. ಈ ಸರ್ವಿಸ್‌ಗೆ ಐದಕ್ಕೆ ಒಂದು ಸ್ಟಾರ್, ಆ ಒಂದೂ ಹುಡುಗ ಹೇಳಿದ ಹೊತ್ತಿಗೆ ಬಂದನಲ್ಲ ಅಂತ.

ಆಮೇಲೆ ಕರೆಸಿದ್ದು ನಮ್ಮ ಏರಿಯಾದ ಹಳೇ ಪ್ಲಂಬರನ್ನು. ಅವರು ಬಂದವರು ಚೀಲ ಬಿಚ್ಚಲೇ ಇಲ್ಲ. ಉದ್ದದ ಸ್ಕ್ರೂಡ್ರೈವರ್ ಒಂದನ್ನು ತಗೊಂಡು ತುದಿಯನ್ನು ಪೈಪಿಗೆ, ಹಿಡಿಯನ್ನು ಕಿವಿಗೆ ಒತ್ತಿಟ್ಟುಕೊಂಡು "ಮಶೀನ್ ಹಾಕಿ ಮೇಡಂ" ಅಂದರು. ನೀರು ನಿಂತಾಗ ಒಂದು ಕಡೆ ಕೇಳಿದರು, ಆಮೇಲೆ ಇನ್ನೊಂದು ಕಡೆ, ಆಮೇಲೆ ಗೀಸರ್ ಹತ್ತಿರ. ಮಶೀನ್ ನಲ್ಲಿಯ ಮೇಲೆ ಒಂದು ಕೈ ಇಟ್ಟು ನನಗೂ ನಲ್ಲಿ ಮುಟ್ಟಿ ನೋಡಿ ಅಂದರು. ಮಶೀನ್ ಒಳಗೆ "ಟಕ್" ಅಂದ ಅದೇ ಗಳಿಗೆಗೆ ನಲ್ಲಿ ಕೈಗೆ ಒದೆಯಿತು. ಸಣ್ಣ ಒದೆ, ಆದರೆ ಅನುಮಾನಕ್ಕೆ ಜಾಗವಿಲ್ಲ. ಆಮೇಲೆ ಅವರು ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಮಶೀನಿನ ನಲ್ಲಿಯನ್ನು ಅರ್ಧಕ್ಕೆ ತಿರುಗಿಸಿ ಮತ್ತೆ ಮಶೀನ್ ಹಾಕಿಸಿದರು. ಸದ್ದು ಅರ್ಧಕ್ಕರ್ಧ ಇಳಿಯಿತು.

ಇದು ಬಿಟ್ಟಿ ಪರೀಕ್ಷೆ, ಕೆಲವರಿಗೆ ಬಿಟ್ಟಿ ಪರಿಹಾರವೂ ಹೌದು. ನೀರಿನ ವೇಗ ಇಳಿದರೆ ಪೆಟ್ಟೂ ಇಳಿಯುತ್ತದೆ. ಮಶೀನ್ ತುಂಬೋಕೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ನಡೆಯುತ್ತದೆ ಅಂದರೆ ಅಲ್ಲಿಗೇ ಬಿಡಿ, ಒಂದು ರೂಪಾಯಿ ಖರ್ಚಿಲ್ಲ. ನಮ್ಮ ಮಶೀನ್ ಮಾತ್ರ ನೀರು ಸಣ್ಣಗಾದರೆ ನೀರು ಬರುತ್ತಿಲ್ಲ ಅಂತ ಎರರ್ ತೋರಿಸಿ ನಿಂತುಬಿಡುತ್ತದೆ. ಹಾಗಾಗಿ ಅರೆಸ್ಟರ್ ಬೇಕಾಯಿತು.

ಕೈಯಲ್ಲಿ ತಿರುಗಿಸುವ ನಲ್ಲಿಗಿಂತ ಮಶೀನ್ ಯಾಕೆ ಜಾಸ್ತಿ ಹೊಡೆಯುತ್ತದೆ ಅಂದರೆ, ಒಳಗಿರೋದು ಸೊಲೆನಾಯ್ಡ್ ವಾಲ್ವ್. ಕರೆಂಟ್ ತಪ್ಪಿದ ಕೂಡಲೇ ಅದು ಮುಚ್ಚಿಕೊಳ್ಳುತ್ತದೆ. ನಮ್ಮ ಲೈನ್ ಹತ್ತು ಮೀಟರ್ ಅಂದುಕೊಳ್ಳಿ, ಸಿಪಿವಿಸಿಯಲ್ಲಿ ಒತ್ತಡದ ಅಲೆ ಹೋಗಿ ಬರೋಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಸಾಕು. ಅಷ್ಟರೊಳಗೆ ವಾಲ್ವ್ ಮುಚ್ಚಿದರೆ ಪೆಟ್ಟು ಪೂರ್ತಿ ಬೀಳುತ್ತದೆ. ಕೈಯಿಂದ ಅಷ್ಟು ಬೇಗ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ, ಕಾಲು ಸುತ್ತಿನ ನಲ್ಲಿಯನ್ನು ಪಟ್ ಅಂತ ತಿರುಗಿಸಿದರೂ. ಮೇಲಾಗಿ ಮಶೀನ್ ಒಂದೇ ಸಲ ತುಂಬಿ ಸುಮ್ಮನಾಗಲ್ಲ. ಬಟ್ಟೆ ನೀರು ಹೀರಿದಂತೆಲ್ಲ ಇಷ್ಟಿಷ್ಟೇ ತಗೊಂಡು ನಿಲ್ಲಿಸುತ್ತದೆ. ಪ್ರತಿ ಸಲವೂ ಒಂದು ಡಬ್.

ಈಗ ಸಾಮಾನಿನ ವಿಷಯ. ಎಸ್‌ಜೆಪಿ ರೋಡಲ್ಲಿ ಎರಡು ಮೂರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. ಒಬ್ಬರು ಏರ್ ವಾಲ್ವ್ ತೆಗೆದು ತೋರಿಸಿದರು, ಇನ್ನೊಬ್ಬರು "ಅದೆಲ್ಲ ಹೋಟೆಲ್ ಲೈನ್‌ಗೆ ಹಾಕೋದು" ಅಂದರು. ಕೊನೆಗೆ ಸಿಕ್ಕಿದ್ದು ಆನ್‌ಲೈನಲ್ಲಿ. ಸಾವಿರದ ಮೇಲೆ ಬಿತ್ತು, ಅಷ್ಟು ಸಣ್ಣ ಸಾಮಾನಿಗೆ ಜಾಸ್ತಿನೇ. ನೋಡೋಕೆ ಒಂದು ಸಣ್ಣ "T" ಆಕಾರದ ಜಾಯಿಂಟ್, ಅದರ ಬೆನ್ನ ಮೇಲೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ಮೇಲ್ತುದಿ ಮುಚ್ಚಿದ ತಾಮ್ರದ ಕೊಳವೆ. ಕೊಳವೆಯೊಳಗೆ ಪಿಸ್ಟನ್ ಇದೆ, ಅದರ ಸುತ್ತ ರಬ್ಬರ್ ರಿಂಗ್. ಪಿಸ್ಟನ್ ಆ ಕಡೆ ಗಾಳಿ ತುಂಬಿ ಮುಚ್ಚಿರುತ್ತಾರೆ, ಈ ಕಡೆ ನಿಮ್ಮ ನೀರು. ಪೆಟ್ಟು ಬಿದ್ದಾಗ ಪಿಸ್ಟನ್ ಹಿಂದೆ ಸರಿದು ಗಾಳಿಯನ್ನು ಅಮುಕುತ್ತದೆ, ಪೆಟ್ಟು ಅಲ್ಲೇ ತಣ್ಣಗಾಗುತ್ತದೆ. ಹಿಂದೆಲ್ಲ ನಲ್ಲಿ ಹತ್ತಿರ ಒಂದಡಿ ಪೈಪನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಕ್ಯಾಪ್ ಹಾಕಿಬಿಡುತ್ತಿದ್ದರು, ಅದೂ ಇದೇ ಕೆಲಸಕ್ಕೆ. ತೊಂದರೆ ಏನೆಂದರೆ ಅದರಲ್ಲಿನ ಗಾಳಿ ನಿಧಾನವಾಗಿ ನೀರಲ್ಲಿ ಕರಗಿ ಹೋಗುತ್ತದೆ, ಆಗ ಲೈನ್ ಖಾಲಿ ಮಾಡಿ ಮತ್ತೆ ಗಾಳಿ ತುಂಬಿಕೊಳ್ಳಲು ಬಿಡಬೇಕು. ಪಿಸ್ಟನ್ ಇರುವುದರಲ್ಲಿ ಗಾಳಿಗೂ ನೀರಿಗೂ ನೇರ ಸಂಪರ್ಕವೇ ಇಲ್ಲ, ಆ ತಲೆನೋವಿಲ್ಲ.

ಕೂರಿಸೋದು ಸುಲಭ. ನಲ್ಲಿ ಬಂದ್ ಮಾಡಿ, ಮಶೀನಿನ ಪೈಪ್ ಬಿಚ್ಚಿ, ನಲ್ಲಿಗೂ ಪೈಪಿಗೂ ನಡುವೆ ಇದನ್ನು ತಿರುಗಿಸಿ ಕೂರಿಸೋದು. ಗೋಡೆ ಒಡೆಯೋದು, ಟೈಲ್ಸ್ ಕೀಳೋದು ಏನೂ ಇಲ್ಲ. ಮೇಲೆ, ಕೆಳಗೆ, ಅಡ್ಡಡ್ಡ, ಹೇಗೆ ಬೇಕಾದರೂ ಇರಲಿ ಅಂತ ಬರೆದಿದ್ದಾರೆ, ಪಿಸ್ಟನ್ ಥರದ್ದಕ್ಕೆ ಅದು ಸರಿ. ವಾಲ್ವ್‌ಗೆ ಹತ್ತಿರ ಇರಬೇಕು ಅನ್ನೋದೊಂದೇ ಮುಖ್ಯ. ತಾರಸಿ ಮೇಲೆ ಪಂಪ್ ಪಕ್ಕ ಹಾಕಿದರೆ ನಡುವಿನ ಪೈಪೆಲ್ಲ ಹೊಡೆದುಕೊಳ್ಳುತ್ತಲೇ ಇರುತ್ತದೆ.

ಒಂದು ಕಡೆ ಮಾತ್ರ ಎಡವಟ್ಟಿದೆ, ಥ್ರೆಡ್. ಆನ್‌ಲೈನಲ್ಲಿ ಸಿಗುವುದರಲ್ಲಿ ಅಮೆರಿಕದ ಅಳತೆಯವೂ ಇವೆ. ಅಲ್ಲಿಯ ಮುಕ್ಕಾಲು ಇಂಚಿನ ಹೋಸ್ ಥ್ರೆಡ್‌ಗೆ ಇಂಚಿಗೆ ಹನ್ನೊಂದೂವರೆ ಸುತ್ತು. ನಮ್ಮಲ್ಲಿ ಮಶೀನಿನ ಪೈಪಿಗೆ ಇರುವ ಮುಕ್ಕಾಲು ಇಂಚಿನ ಬಿಎಸ್‌ಪಿ, ಅಂದರೆ ಬ್ರಿಟಿಷ್ ಅಳತೆಯ ಥ್ರೆಡ್‌ಗೆ, ಇಂಚಿಗೆ 14. ಎರಡೂ ಮುಕ್ಕಾಲು ಇಂಚೇ, ಕೈಯಲ್ಲಿ ತಿರುಗಿಸಿದರೆ ಮೊದಲ ಸುತ್ತು ಹಿಡಿದುಕೊಂಡ ಹಾಗೂ ಅನಿಸುತ್ತದೆ, ಆಮೇಲೆ ಬಿಗಿಯಾಗುತ್ತದೆ, ಅಯ್ಯೋ ಟೈಟ್ ಆಯ್ತು ಅಂತ ಬಿಟ್ಟರೆ ಸುತ್ತಲೂ ತೊಟ್ಟಿಕ್ಕುತ್ತದೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಅದು ನಿಲ್ಲಲ್ಲ, ಪಾನಾ ಹಾಕಿ ಬಿಗಿ ಮಾಡಿದರೆ ಮಶೀನ್ ಪೈಪಿನ ಪ್ಲಾಸ್ಟಿಕ್ ನಟ್ಟೇ ಸೀಳುತ್ತದೆ. ಆರ್ಡರ್ ಮಾಡುವ ಮೊದಲು ಬಿಎಸ್‌ಪಿ ಹೌದಾ ಅಂತ ಕೇಳಿ. ಉತ್ತರ ಕೊಡದ ಅಂಗಡಿಯಿಂದ ತಗೊಳ್ಳಬೇಡಿ. ನಾನು ತರಿಸಿದ್ದು ಬಿಎಸ್‌ಪಿ, ರಬ್ಬರ್ ವಾಷರ್ ಕೂಡ ಜೊತೆಗೇ ಕೊಟ್ಟಿದ್ದರು, ಕೈಯಲ್ಲಿ ಬಿಗಿ ಮಾಡಿದಷ್ಟಕ್ಕೇ ಒಂದು ಹನಿ ಸೋರಲಿಲ್ಲ.

ಹಾಕಿದ ಮೇಲೆ? ಮಶೀನ್ ಒಳಗಿನ "ಟಕ್" ಮಾತ್ರ ಕೇಳುತ್ತದೆ. ಗೋಡೆಯಿಂದ ಬರುತ್ತಿದ್ದ ಡಬ್ ಇಲ್ಲ. ನಲ್ಲಿ ಮೇಲೆ ಕೈ ಇಟ್ಟರೆ ಒದೆಯ ಬದಲು ಸಣ್ಣ ಅದುರು. ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಆಗಿದ್ದು ಬೆಲೆಗೆ.

ಆದರೆ ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ, ಇಲ್ಲೊಂದು ಲೆಕ್ಕ ಇದೆ. ಹೊರಗಿನಿಂದ ಬರುವ ಅರೆಸ್ಟರ್‌ಗಳಲ್ಲಿ 60 ಪಿಎಸ್‌ಐ, ಅಂದರೆ 4 ಬಾರ್ ಹತ್ತಿರ ಗಾಳಿ ತುಂಬಿರೋದುಂಟು. ಪೈಪಿನ ಒತ್ತಡ ಅದನ್ನು ದಾಟಿದರೆ ಮಾತ್ರ ಪಿಸ್ಟನ್ ಅಲ್ಲಾಡುತ್ತದೆ. ನಮ್ಮಲ್ಲಿ ಪಂಪಿನ ಎರಡೂವರೆ ಬಾರ್ ಮೇಲೆ ಪೆಟ್ಟಿನ ಒತ್ತಡವೂ ಸೇರಿ 4 ಆರಾಮಾಗಿ ದಾಟುತ್ತದೆ. ಪಂಪ್ ಇಲ್ಲದೆ ಬರೀ ಟ್ಯಾಂಕ್ ನೀರಿಗೆ ಜೋಡಿಸಿದ್ದರೆ? ಅರ್ಧ ಬಾರ್ ಒತ್ತಡ, ನೀರಿನ ವೇಗವೂ ಅರ್ಧ ಮೀಟರ್ ಅಂತಿಟ್ಟುಕೊಂಡರೆ ಎಲ್ಲ ಸೇರಿ 3 ಬಾರ್. ಪಿಸ್ಟನ್ ಜಾಗ ಬಿಟ್ಟು ಕದಲಲ್ಲ. ಪೈಪ್ ಸಡಿಲ ಇದ್ದರೆ ಆ 3 ಬಾರ್‌ಗೂ ಬಡಿಯುತ್ತದೆ, ಅರೆಸ್ಟರ್ ಸುಮ್ನೆ ನೋಡುತ್ತಾ ಕೂತಿರುತ್ತದೆ. "ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ" ಅಂತ ಬೈದು ಬರೆದಿರುವವರಲ್ಲಿ ಕೆಲವರ ಕಥೆ ಇದೇ ಇರಬಹುದು ಅಂತ ನನ್ನ ಊಹೆ. ಅಂಥ ಮನೆಯಲ್ಲಿ ಕ್ಲ್ಯಾಂಪ್ ಬಿಗಿ ಮಾಡಿಸೋದೇ ಸರಿ. ಸಣ್ಣ ಸಿಪಿವಿಸಿ ಪೈಪ್ ಅಡ್ಡಡ್ಡ ಹೋಗುವ ಕಡೆ ಮೂರಡಿಗೊಂದು ಕ್ಲ್ಯಾಂಪ್ ಇರಬೇಕು. ನಮ್ಮ ಮನೆಯ ಹೊರಗೋಡೆಯಲ್ಲಿ ಹೇಗಿತ್ತು ಅಂದರೆ ಎರಡು ತುದಿಗೆ ಎರಡು, ನಡುವೆ ಪೈಪ್ ಜೋತಾಡುತ್ತಿತ್ತು.

ಇನ್ನು ಮೋಟರ್ ಸದ್ದು. ಕೆಳಗಿನವರು ಕುಟ್ಟುವುದು ಅಂದಿದ್ದು ಮುಖ್ಯವಾಗಿ ಇದನ್ನೇ. ಟ್ಯಾಂಕ್ ತುಂಬಿ ಮೋಟರ್ ಆಫ್ ಆದಾಗ ಸಂಪ್ ಕಡೆಯಿಂದ ಒಂದೇ ಒಂದು ದೊಡ್ಡ "ಧಡ್". ಕಿಟಕಿ ಗಾಜೂ ಗಡಗಡ ಅನ್ನುತ್ತಿತ್ತು. ಇದಕ್ಕೂ ವಾಷಿಂಗ್ ಮಶೀನಿಗೂ ಸಂಬಂಧವಿಲ್ಲ. ಮೋಟರ್ ನಿಂತ ಕೂಡಲೇ ಮೇಲಕ್ಕೆ ಹೋಗುತ್ತಿದ್ದ ನೀರು ವಾಪಸ್ ಕೆಳಗೆ ಬರೋಕೆ ಶುರುವಾಗುತ್ತದೆ. ತಡೆಯೋಕೆ ಅಂತ ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್, ನೀರನ್ನು ಒಂದೇ ಕಡೆಗೆ ಬಿಡುವಂಥದ್ದು) ಇರುತ್ತದೆ. ನಮ್ಮಲ್ಲಿದ್ದದ್ದು ಬಾಗಿಲು ಥರ ಬೀಳುವ ಸ್ವಿಂಗ್ ಎನ್‌ಆರ್‌ವಿ. ಆ ಬಾಗಿಲು ಬೀಳೋದು ತಡ, ಅಷ್ಟರಲ್ಲಿ ನೀರು ಹಿಂದಕ್ಕೆ ಓಡಲು ಶುರು ಮಾಡಿರುತ್ತದೆ, ಬಾಗಿಲನ್ನು ಎಳೆದುಕೊಂಡು ಬಂದು ಬಡಿಯುತ್ತದೆ. ಮುದುಕ ಪ್ಲಂಬರ್ ಅದನ್ನು ಬಿಚ್ಚಿ ತೋರಿಸಿದರು. ಹಿತ್ತಾಳೆ ಬಾಗಿಲು, ಅದರ ಪಿನ್ ಸವೆದು ಬಾಗಿಲು ಅತ್ತಿತ್ತ ವಾಲಾಡುತ್ತಿತ್ತು, ಅದು ಕೂರುವ ಅಂಚಿನಲ್ಲಿ ಒಂದು ಕಡೆ ಹೊಳಪು, ಒಂದು ಕಡೆ ಸುಣ್ಣ. ಒಂದೇ ಕಡೆ ಬಡಿದು ಬಡಿದು ಹಾಗಾಗಿದೆ ಅಂದರು.

ಅದರ ಜಾಗಕ್ಕೆ ಸ್ಪ್ರಿಂಗ್ ಇರುವ ಹಿತ್ತಾಳೆ ಎನ್‌ಆರ್‌ವಿ, ಒಂದು ಇಂಚಿನದು. ಇದು ಎಸ್‌ಜೆಪಿ ರೋಡಲ್ಲಿ ಕೇಳಿದ ಕೂಡಲೇ ಸಿಕ್ಕಿತು, ಅರೆಸ್ಟರ್‌ನ ಅರ್ಧ ಬೆಲೆಯೂ ಇಲ್ಲ. ಮೇಲಕ್ಕೆ ಹೋಗುವ ನೀರಿನ ವೇಗ ಇಳಿಯುತ್ತಿದ್ದ ಹಾಗೇ ಸ್ಪ್ರಿಂಗ್ ತಾನೇ ಮುಚ್ಚಿಬಿಡುತ್ತದೆ, ನೀರು ಹಿಂದಕ್ಕೆ ಓಡೋಕೆ ಅವಕಾಶವೇ ಇಲ್ಲ. ಧಡ್ ಹೋಗಿ ಮೋಟರ್ ನಿಂತಿತಾ ಅಂತ ಕಿವಿಗೊಟ್ಟು ಕೇಳುವಷ್ಟಾಯಿತು. ಕೊರತೆ ಅಂದರೆ, ಸ್ಪ್ರಿಂಗ್ ಇರುವುದರಿಂದ ನೀರಿಗೆ ಅಡೆತಡೆ ಸ್ವಲ್ಪ ಜಾಸ್ತಿ, ಮರಳು ಕಸ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಹಾಕಿಸುವವರು ಪಕ್ಕದಲ್ಲಿ ಒಂದು ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಬಹುದಾದ ಜಾಯಿಂಟ್) ಹಾಕಿಸಿಕೊಳ್ಳಿ, ಬಿಚ್ಚಿ ತೊಳೆಯೋಕೆ ಸುಲಭ. ಮೈಮೇಲೆ ಬಾಣದ ಗುರುತು ಇರುತ್ತದೆ, ಅದು ಟ್ಯಾಂಕ್ ಕಡೆಗೆ. ಐದಕ್ಕೆ ಐದು.

ಮೂರನೇ ಸದ್ದು ಪ್ರೆಶರ್ ಪಂಪಿನದೇ. ಯಾರೇ ನಲ್ಲಿ ಬಿಟ್ಟರೂ ಪಂಪ್ ಆನ್, ಆಫ್, ಆನ್, ಆಫ್. ಒಂದು ಲೋಟ ನೀರಿಗೂ ಟಕ್ ಟಕ್. ಪಂಪ್ ಪಕ್ಕದ ಪುಟ್ಟ ಪ್ರೆಶರ್ ಟ್ಯಾಂಕ್‌ನಲ್ಲಿ ಗಾಳಿ ಇಲ್ಲದಿದ್ದರೆ ಹೀಗಾಗುತ್ತದೆ. ಪಂಪ್ ಸ್ವಿಚ್ ಆಫ್ ಮಾಡಿ, ಪಂಪಿಗೆ ಬರುವ ವಾಲ್ವ್ ಬಂದ್ ಮಾಡಿ, ಕೆಳಗಿನ ನಲ್ಲಿ ಬಿಟ್ಟು ಒತ್ತಡ ಪೂರ್ತಿ ಇಳಿಸಿ, ಆಮೇಲೆ ಟ್ಯಾಂಕ್ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಸ್ಕೂಟರ್ ಟೈರಿಗೆ ಇರುವಂಥದ್ದೇ ವಾಲ್ವ್ ಇರುತ್ತದೆ. ಅದರ ಪಿನ್ ಒತ್ತಿ. ಗಾಳಿ ಬಂದರೆ ಟ್ಯಾಂಕ್ ಒಳಗೆ ನೀರು ನಿಲ್ಲುವ ರಬ್ಬರ್ ಚೀಲ ಚೆನ್ನಾಗಿದೆ, ಗಾಳಿ ತುಂಬಿದರೆ ಸಾಕು. ನೀರು ಬಂದರೆ ಚೀಲ ಹರಿದಿದೆ. ನಮ್ಮದರಲ್ಲಿ ಮೊದಲು ಪುಸ್ ಅಂದು ಆಮೇಲೆ ತುಕ್ಕಿನ ಬಣ್ಣದ ನೀರು ಪ್ಲಂಬರ್ ಅಂಗಿಗೆ ಹಾರಿತು. "ಆಯ್ತು, ಇದು ಮುಗೀತು" ಅಂತ ನಕ್ಕರು. ಟ್ಯಾಂಕ್ ಬದಲಾಯಿಸಬೇಕಿಲ್ಲ, ಬಾಯಿಯ ಬೋಲ್ಟ್ ಬಿಚ್ಚಿ ಚೀಲ ಮಾತ್ರ ಬದಲಾಯಿಸುವ ಟ್ಯಾಂಕ್ ಆಗಿದ್ದರೆ ಅಷ್ಟೇ ಮಾಡಿಸಿ. ಹೊಸ ಚೀಲ ಹಾಕಿ, 20 ಪಿಎಸ್‌ಐಗೆ ಆನ್ ಆಗುವ ಪಂಪಿಗೆ 18 ಅಂತ ಸೈಕಲ್ ಪಂಪಿನಲ್ಲೇ ಗಾಳಿ ತುಂಬಿದರು. ಆ್ಯಪ್ ಹುಡುಗ ಪಂಪನ್ನೇ ಬಿಸಾಕಿ ಅಂದಿದ್ದ ಅಲ್ವಾ, ಅದೇ ಪಂಪ್ ಈಗಲೂ ಓಡುತ್ತಿದೆ.

ಬಿಸಿನೀರಿನ ಲೈನ್ ಬಗ್ಗೆ ಒಂದು ಎಚ್ಚರಿಕೆ. ಎಸ್‌ಡಿಆರ್ 11 (ಪೈಪಿನ ದಪ್ಪದ ದರ್ಜೆ) ಸಿಪಿವಿಸಿ ಪೈಪ್ 23 ಡಿಗ್ರಿಯಲ್ಲಿ 400 ಪಿಎಸ್‌ಐ ತಡೆಯುತ್ತದೆ, 82 ಡಿಗ್ರಿಗೆ ಬಂದರೆ ಬರೀ 100. ತಣ್ಣೀರಿನ ಲೈನಲ್ಲಿ ಕಿರಿಕಿರಿ ಅಷ್ಟೇ ಆಗಿರುವ ಪೆಟ್ಟು ಗೀಸರ್, ಸೋಲಾರ್ ಕಡೆ ಜಾಯಿಂಟನ್ನೇ ಬಿಚ್ಚಿಸಬಹುದು. ಅಲ್ಲಿ ಡಬ್ ಅನ್ನುತ್ತಿದ್ದರೆ ಮುಂದಕ್ಕೆ ಹಾಕಬೇಡಿ. ಆದರೆ ಬಿಸಿನೀರು ಬಿಟ್ಟ ಸ್ವಲ್ಪ ಹೊತ್ತಿಗೆ ಚಟ್, ಚಟ್ ಅಂತ ಬಿಡಿಬಿಡಿಯಾಗಿ ಕೇಳುವುದು ಬೇರೆ, ಪೈಪ್ ಬಿಸಿಯಾಗಿ ಉದ್ದವಾಗುವಾಗ ಕ್ಲ್ಯಾಂಪಿಗೆ ಉಜ್ಜುವ ಸದ್ದು ಅದು. ಅದಕ್ಕೆ ಅರೆಸ್ಟರ್ ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೇ. ನಮ್ಮ ಸೋಲಾರ್ ಲೈನ್ ಈಗಲೂ ಚಟ್ ಅನ್ನುತ್ತದೆ, ನಾವು ಬಿಟ್ಟಿದ್ದೇವೆ. ಸಂಪಿನ ಫ್ಲೋಟ್ ವಾಲ್ವ್ ಕೂಡ ಕಾವೇರಿ ನೀರು ಬರುವಾಗ ಕೊನೆಕೊನೆಗೆ "ಡರ್ರ್" ಅನ್ನುವುದುಂಟು, ಬೀಳುವ ನೀರಿನ ಅಲೆಗೆ ಚೆಂಡು ಕುಣಿದು ವಾಲ್ವ್ ಮುಚ್ಚಿ ತೆರೆದು ಮಾಡುತ್ತದೆ. ವಾಲ್ವ್ ಬಾಯಿಗೆ ಒಂದು ತುಂಡು ಪೈಪ್ ಸಿಕ್ಕಿಸಿ ನೀರು ತಳಕ್ಕೆ ಇಳಿಯುವ ಹಾಗೆ ಮಾಡಿದರೆ ಅಲೆ ಕಮ್ಮಿಯಾಗುತ್ತದೆ.

ಬಾಡಿಗೆ ಮನೆಯಲ್ಲಿರುವವರು ಕೇಳಬಹುದು, ಓನರ್ ಮನೆ ಪೈಪಿಗೆ ನಾವ್ಯಾಕೆ ದುಡ್ಡು ಹಾಕೋದು ಅಂತ. ಎನ್‌ಆರ್‌ವಿ, ಕ್ಲ್ಯಾಂಪ್, ಪಂಪಿನ ಚೀಲ, ಇವೆಲ್ಲ ಓನರ್ ಹತ್ತಿರ ಹೇಳಿ ಮಾಡಿಸಿಕೊಳ್ಳಿ. ಅರೆಸ್ಟರ್ ಮಾತ್ರ ನೀವೇ ತಗೊಳ್ಳಿ, ಮನೆ ಬಿಡುವಾಗ ಕೈಯಲ್ಲೇ ತಿರುಗಿಸಿ ಬಿಚ್ಚಿ ಮಶೀನ್ ಜೊತೆಗೇ ತಗೊಂಡು ಹೋಗಬಹುದು. ರಬ್ಬರ್ ವಾಷರ್ ನಲ್ಲಿಗೇ ಅಂಟಿಕೊಂಡು ಉಳಿದಿರುತ್ತದೆ, ಅದನ್ನೂ ಕಿತ್ತುಕೊಳ್ಳಿ.